ಮೂವತ್ತು ಇಂಚು ಆಳದ ರೀಫ್ ಟ್ಯಾಂಕ್‌ಗೆ ಎಂಥ ಲೈಟ್ ಬೇಕು?

ರೀಫ್ ಟ್ಯಾಂಕ್ ಅಂದರೆ ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಂ. ಎರಡು ಅಡಿ ಆಳದವರೆಗಿನ ಟ್ಯಾಂಕ್‌ಗೆ ಲೈಟ್ ಆರಿಸುವುದು ಅಷ್ಟೇನೂ ಕಷ್ಟವಲ್ಲ. ಹೆಸರಿರುವ ಯಾವ ರೀಫ್ ಲೈಟ್ ತಂದು ಹಾಕಿದರೂ ಸುಮಾರಾಗಿ ನಡೆದುಹೋಗುತ್ತದೆ. ಆಳ ಎರಡೂವರೆ ಅಡಿ ಮುಟ್ಟಿದರೆ ಕತೆಯೇ ಬೇರೆ. ಆಗ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ವಾಟ್ ಹಾಕಲಿ?" ಅಲ್ಲಿಂದ ಶುರು ಮಾಡಿದರೆ ದುಡ್ಡು ಜಾಸ್ತಿ ಹೋಗುತ್ತದೆ, ಮೇಲಿನ ಹವಳ ಬೆಳಕಿಗೆ ಬೆಳ್ಳಗಾಗುತ್ತದೆ, ತಳ ಮಾತ್ರ ಮಬ್ಬಾಗಿಯೇ ಉಳಿಯುತ್ತದೆ.

ಆಳದ ಟ್ಯಾಂಕಿನಲ್ಲಿ ತಲೆನೋವು ಕೊಡುವುದು ಮೇಲಕ್ಕೂ ಕೆಳಕ್ಕೂ ಇರುವ ಅಂತರ. ಒಳಗೆ ಜೋಡಿಸಿದ ಬಂಡೆಯ ತುದಿಗೆ ಬೀಳುವ ಬೆಳಕು ತಳದ ಮರಳಿಗೆ ಬೀಳುವುದರ ಐದು ಪಟ್ಟು ಇದ್ದರೂ ಆಶ್ಚರ್ಯವಿಲ್ಲ. ಆ ಅಂತರ ತಗ್ಗಿಸುವ ಲೈಟ್ ಯಾವುದು, ಅದನ್ನು ಎಷ್ಟು ಎತ್ತರದಲ್ಲಿ ತೂಗುಹಾಕಬೇಕು ಅನ್ನುವುದೇ ನಿಜವಾದ ಪ್ರಶ್ನೆ. ಲೆಕ್ಕಕ್ಕೆ ಒಂದು ಟ್ಯಾಂಕ್ ಇಟ್ಟುಕೊಳ್ಳೋಣ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, 30 ಇಂಚು ಎತ್ತರ. ಹಿಡಿಯುವ ನೀರು ಸುಮಾರು 566 ಲೀಟರ್.

ಮೊದಲು ಟೇಪ್ ಹಿಡಿಯಿರಿ

ಗಾಜಿನ ಎತ್ತರ 30 ಇಂಚು ಅಂದಮಾತ್ರಕ್ಕೆ ಬೆಳಕು 30 ಇಂಚು ಇಳಿಯಬೇಕು ಅಂತಲ್ಲ. ಮೇಲೆ ಎರಡು ಇಂಚು ಖಾಲಿ ಬಿಟ್ಟಿರುತ್ತೀರಿ. ಕೆಳಗೆ ಎರಡು ಇಂಚು ಮರಳು ಇರುತ್ತದೆ. ಉಳಿದದ್ದು 26 ಇಂಚು. ಬಂಡೆಯ ತುದಿ ನೀರಿನ ಮೇಲ್ಮೈಯಿಂದ ಎಂಟು ಇಂಚು ಕೆಳಗಿದೆ ಅಂದುಕೊಳ್ಳಿ. 8 ಮತ್ತು 26, ಈ ಎರಡು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಇನ್ನು ಮುಂದಿನ ಲೆಕ್ಕವೆಲ್ಲ ಇವುಗಳ ಮೇಲೆ.

ಜೊತೆಗೆ ಟ್ಯಾಂಕಿನ ಮೇಲ್ಭಾಗದಲ್ಲಿ ಅಡ್ಡಪಟ್ಟಿ ಇದೆಯಾ ನೋಡಿ. ಆಳದ ಟ್ಯಾಂಕುಗಳಿಗೆ ಗಾಜು ಉಬ್ಬದಿರಲಿ ಅಂತ ನಡುವೆ ಒಂದು ಗಾಜಿನ ಪಟ್ಟಿ ಅಂಟಿಸಿರುತ್ತಾರೆ. ಅದರ ಮೇಲೆ ಉಪ್ಪು ಕಟ್ಟಿಕೊಂಡು ನೆರಳು ಬೀಳುತ್ತದೆ. ಲೈಟ್ ಅದರ ನೆತ್ತಿಯ ಮೇಲೆ ಬರಬಾರದು. ನಮ್ಮ ನಾಲ್ಕು ಅಡಿ ಟ್ಯಾಂಕಿಗೆ ಪಟ್ಟಿಯ ಆಚೆ ಒಂದು, ಈಚೆ ಒಂದು ಲೈಟ್. ಒಂದೊಂದು ಲೈಟ್ ಎರಡಡಿ ಬೈ ಎರಡಡಿ ಜಾಗ ನೋಡಿಕೊಳ್ಳುತ್ತದೆ.

ಯಾವ ಹವಳ ಎಲ್ಲಿ ಕೂರುತ್ತದೆ?

ಲೈಟ್ ಅಂಗಡಿಗೆ ಹೋಗುವ ಮೊದಲು ಇದನ್ನು ತೀರ್ಮಾನ ಮಾಡಿ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತದೆ. ಅದು ಬೆಳಕಿನಿಂದ ಆಹಾರ ಮಾಡಿಕೊಂಡು ಹವಳಕ್ಕೂ ಕೊಡುತ್ತದೆ. ನಾವು ಲೈಟ್ ಹಾಕುವುದು ಈ ಪಾಚಿಗೆ. ಅದಕ್ಕೆ ಸಿಗುವ ಬೆಳಕನ್ನು ಅಳೆಯುವ ಲೆಕ್ಕಕ್ಕೆ ಪಾರ್ ಅನ್ನುತ್ತಾರೆ. 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣಗಳು ಒಂದು ಚದರ ಮೀಟರ್ ಮೇಲೆ ಒಂದು ಸೆಕೆಂಡಿಗೆ ಎಷ್ಟು ಬಿದ್ದವು (ಮೈಕ್ರೋಮೋಲ್ ಎಂಬ ದೊಡ್ಡ ಎಣಿಕೆಯಲ್ಲಿ) ಅನ್ನುವುದು ಇದರ ಅರ್ಥ. ನಡುಮಧ್ಯಾಹ್ನ ಉಷ್ಣವಲಯದ ಸಮುದ್ರದ ಮೇಲೆ ಇದು 2000ದ ಹತ್ತಿರ ಇರುತ್ತದೆ. ಹೆದರಬೇಡಿ, ಟ್ಯಾಂಕಿಗೆ ಅಷ್ಟೆಲ್ಲ ಬೇಡ.

ಮಶ್ರೂಮ್ ಹವಳಗಳಿಗೆ 30ರಿಂದ 80 ಸಾಕು. ಲೆದರ್, ಜೋವಾ ಮುಂತಾದ ಸಾಫ್ಟ್ ಕೋರಲ್‌ಗಳಿಗೆ 50ರಿಂದ 100. ಹ್ಯಾಮರ್, ಟಾರ್ಚ್, ಫ್ರಾಗ್‌ಸ್ಪಾನ್‌ನಂಥ ಎಲ್‌ಪಿಎಸ್‌ಗೆ, ಅಂದರೆ ದೊಡ್ಡ ಪಾಲಿಪ್ (ಹವಳದ ಒಂದೊಂದು ಪುಟ್ಟ ಜೀವಿ) ಇರುವ ಗಟ್ಟಿ ಹವಳಗಳಿಗೆ, 75ರಿಂದ 150. ಅಕ್ರೋಪೋರಾದಂಥ ಎಸ್‌ಪಿಎಸ್‌ಗೆ, ಅಂದರೆ ಚಿಕ್ಕ ಪಾಲಿಪ್‌ನ ಗಟ್ಟಿ ಹವಳಗಳಿಗೆ, 200ರಿಂದ 350. ಇವು ಗೆರೆ ಕೊರೆದ ಅಂಕಿಗಳಲ್ಲ. ನಿಧಾನವಾಗಿ ಒಗ್ಗಿಸಿದರೆ ಹವಳಗಳು ಆಚೀಚೆ ಹೊಂದಿಕೊಳ್ಳುತ್ತವೆ.

ಈಗ ಆಳವೇ ಅನುಕೂಲವಾಗಿ ಕಾಣುತ್ತದೆ, ಅಲ್ವಾ? ತಳದಲ್ಲಿ 300 ಪಾರ್ ಬೇಕು ಅಂತ ಯಾರೂ ಕೇಳಿಲ್ಲ. ಬಂಡೆಯ ತುದಿಯಲ್ಲಿ ಎಸ್‌ಪಿಎಸ್, ನಡುವೆ ಎಲ್‌ಪಿಎಸ್, ಮರಳಿನ ಬಳಿ ಮಶ್ರೂಮ್ ಅಂತ ಇಟ್ಟರೆ ತುದಿಗೆ 250, ತಳಕ್ಕೆ 70 ಅಥವಾ 80 ಬಂದರೂ ಟ್ಯಾಂಕ್ ಚೆನ್ನಾಗಿ ನಡೆಯುತ್ತದೆ. ಅಂದರೆ ಮೂರು ಪಟ್ಟು ಅಂತರ. ಇದೇ ನಮ್ಮ ಗುರಿ.

ಭಾರತದಲ್ಲಿರುವವರಿಗೆ ಇಲ್ಲೇ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಗಟ್ಟಿ ಹವಳಗಳಿವೆ, ಸಮುದ್ರ ಬೀಸಣಿಗೆಗಳೂ ಇವೆ. ನೇತ್ರಾಣಿಗೆ ಡೈವಿಂಗ್ ಹೋದಾಗ ಒಂದು ತುಂಡು ಚೀಲಕ್ಕೆ ಹಾಕಿಕೊಂಡರೂ ಅಪರಾಧವೇ. ಅಂಗಡಿಯವನು "ಏನೂ ಆಗಲ್ಲ ಸಾರ್" ಅಂದರೆ ಕಾಗದಪತ್ರ ತೋರಿಸಲು ಹೇಳಿ. ಇಲ್ಲಿ ಮಶ್ರೂಮ್, ಜೋವಾ, ಲೆದರ್ ಇಟ್ಟುಕೊಂಡು ತೃಪ್ತಿಯಾಗಿರುವವರು ತುಂಬ ಜನ. ನಿಮ್ಮದೂ ಅಂಥ ಟ್ಯಾಂಕ್ ಆದರೆ ಮುಂದೆ ಹೇಳುವ ಬೆಳಕಿನ ಅರ್ಧದಲ್ಲೇ ಕೆಲಸ ಮುಗಿಯುತ್ತದೆ. ದುಬಾರಿ ಲೈಟ್ ಕೊಳ್ಳಲೇಬೇಡಿ.

ಎತ್ತರ ಮತ್ತು ಲೆನ್ಸ್: ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ

ನೀರೇ ಬೆಳಕನ್ನೆಲ್ಲ ಕುಡಿದುಬಿಡುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಸಮುದ್ರದಲ್ಲಿ ಹತ್ತಾರು ಮೀಟರ್ ಇಳಿದರೆ ಅದು ಸರಿ. 26 ಇಂಚು ಶುದ್ಧ ನೀರಿನಲ್ಲಿ ನೀಲಿ ಬೆಳಕು ಕಳೆದುಹೋಗುವುದು ತೀರಾ ಕಡಿಮೆ. ಕೆಂಪು ಒಂದಿಷ್ಟು ಹೋಗುತ್ತದೆ. ನಮ್ಮ ಟ್ಯಾಂಕಿನಲ್ಲಿ ಬೆಳಕು ಸೊರಗಲು ದೊಡ್ಡ ಕಾರಣ ಅದು ಹರಡಿಕೊಳ್ಳುವುದು. ಚಿಕ್ಕ ಜಾಗದಿಂದ ಹೊರಡುವ ಬೆಳಕು ದೂರ ಎರಡು ಪಟ್ಟಾದರೆ ಕಾಲು ಭಾಗಕ್ಕೆ ಇಳಿಯುತ್ತದೆ.

ಲೈಟನ್ನು ನೀರಿನಿಂದ 6 ಇಂಚು ಮೇಲೆ ಇಟ್ಟಿರಿ ಅನ್ನಿ. ಬಂಡೆಯ ತುದಿ ಲೈಟಿನಿಂದ 14 ಇಂಚು ದೂರ, ಮರಳು 32 ಇಂಚು ದೂರ. 32ನ್ನು 14ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. 5.2 ಬರುತ್ತದೆ. ಅಂದರೆ ತುದಿಗೆ ತಳದ ಐದು ಪಟ್ಟು ಬೆಳಕು. ಈಗ ಅದೇ ಲೈಟನ್ನು 18 ಇಂಚು ಮೇಲಕ್ಕೆ ಎತ್ತಿ. ದೂರಗಳು 26 ಮತ್ತು 44 ಆದವು. ಅಂತರ 2.9 ಪಟ್ಟಿಗೆ ಇಳಿಯಿತು. ಲೈಟ್ ಅದೇ, ಟ್ಯಾಂಕ್ ಅದೇ, ಬದಲಾದದ್ದು ಹಗ್ಗದ ಉದ್ದ ಮಾತ್ರ. ಗಾಜಿನ ಪ್ರತಿಫಲನ ಸೇರಿದರೆ ನಿಜವಾದ ಟ್ಯಾಂಕಿನಲ್ಲಿ ಅಂತರ ಇನ್ನೂ ಸ್ವಲ್ಪ ಕಡಿಮೆಯೇ ಇರುತ್ತದೆ.

ಪುಕ್ಕಟೆ ಏನೂ ಸಿಗುವುದಿಲ್ಲ ನೋಡಿ. ಎತ್ತರಿಸಿದಾಗ ತಳದ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ಅದನ್ನು ಮೊದಲಿನ ಮಟ್ಟಕ್ಕೆ ತರಲು ಎರಡು ಪಟ್ಟು ಶಕ್ತಿಯ ಲೈಟ್ ಬೇಕು. ವಾಟ್ ಮಾತು ಬರಬೇಕಾದದ್ದು ಇಲ್ಲಿ. ಹಾಗೆ ಮಾಡಿದ ಮೇಲೂ ತುದಿಗೆ ಮೊದಲಿಗಿಂತ ಕಡಿಮೆ ಬೆಳಕು ಬೀಳುತ್ತದೆ, ತಳಕ್ಕೆ ಮೊದಲಿನಷ್ಟೇ. ನಮಗೆ ಬೇಕಾದದ್ದೂ ಅದೇ ತಾನೆ.

ಇನ್ನೊಂದು ತೊಡಕಿದೆ. ಎತ್ತರಿಸಿದಷ್ಟೂ ಬೆಳಕು ಟ್ಯಾಂಕಿನ ಹೊರಗೆ ಚೆಲ್ಲುತ್ತದೆ. ಇದಕ್ಕೆ ಲೆನ್ಸ್ ಬೇಕು. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ಅದೇ ನೀರು ದೂರದ ಗಿಡಕ್ಕೆ ಹೋಗಿ ಬೀಳುತ್ತದಲ್ಲ, ಲೆನ್ಸ್ ಮಾಡುವ ಕೆಲಸ ಅಷ್ಟೇ. ಎಲ್‌ಇಡಿ ಬಾಕ್ಸ್‌ಗಳಲ್ಲಿ 60, 90, 120 ಡಿಗ್ರಿ ಲೆನ್ಸ್‌ಗಳು ಸಾಮಾನ್ಯ. 120 ಡಿಗ್ರಿ ಲೆನ್ಸ್‌ನ ಲೈಟನ್ನು ನೀರಿನಿಂದ 10 ಇಂಚು ಮೇಲಿಟ್ಟರೆ ನೀರಿನ ಮೇಲೆ ಬೀಳುವ ಬೆಳಕಿನ ಚಕ್ರ 35 ಇಂಚು ಅಗಲ. ನಮ್ಮ ಟ್ಯಾಂಕಿನ ಅಗಲ 24. ಮುಂದೆ ಐದು ಇಂಚು, ಹಿಂದೆ ಐದು ಇಂಚು ಬೆಳಕು ನೆಲಕ್ಕೂ ಗೋಡೆಗೂ ಹೋಯಿತು. ಅದಕ್ಕೆ ನೀವು ಕೊಟ್ಟ ದುಡ್ಡೂ ಅಲ್ಲೇ ಹೋಯಿತು. 90 ಡಿಗ್ರಿಯಾದರೆ ಅದೇ ಎತ್ತರದಲ್ಲಿ ಚಕ್ರ 20 ಇಂಚು, ಒಳಗೇ ಉಳಿಯುತ್ತದೆ. 18 ಇಂಚು ಎತ್ತರಕ್ಕೆ 60 ಡಿಗ್ರಿ ಸರಿ, ಚಕ್ರ ಸುಮಾರು 21 ಇಂಚು ಬರುತ್ತದೆ. ಹಾಗಂತ 60 ಡಿಗ್ರಿ ಲೆನ್ಸನ್ನು 6 ಇಂಚು ಎತ್ತರದಲ್ಲಿ ಇಡಬೇಡಿ. ನಟ್ಟನಡುವೆ ಟಾರ್ಚ್ ಬಿಟ್ಟ ಹಾಗೆ ಬೆಳಕು ಬೀಳುತ್ತದೆ. ಅಲ್ಲಿ ಹವಳ ಸುಡುತ್ತದೆ, ಮೂಲೆಗಳು ಕತ್ತಲಾಗಿರುತ್ತವೆ.

ಹಲವು ಬ್ರಾಂಡ್ ಲೈಟ್‌ಗಳಲ್ಲಿ ಲೆನ್ಸ್ ಬದಲಿಸಲು ಬರುವುದಿಲ್ಲ. ಕೆಲವಕ್ಕೆ ಬೇರೆ ದಾರಿ ಇದೆ. ಕೆಸ್ಸಿಲ್ ಎ360ಎಕ್ಸ್‌ಗೆ ಬೆಳಕನ್ನು ಕಿರಿದು ಮಾಡುವ ರಿಫ್ಲೆಕ್ಟರ್ ಬೇರೆಯಾಗಿ ಸಿಗುತ್ತದೆ. ಕೊಳ್ಳುವ ಮೊದಲು ಕೋನ ಎಷ್ಟು ಡಿಗ್ರಿ ಅಂತ ಕೇಳಿ. ಮಾರುವವರಿಗೆ ಅದು ಗೊತ್ತಿಲ್ಲದಿದ್ದರೆ ಆಳದ ಟ್ಯಾಂಕಿಗೆ ಆ ಲೈಟ್ ಬೇಡ.

ಪಕ್ಕದ ಗಾಜೂ ಕೆಲಸ ಮಾಡುತ್ತದೆ

ನೀರಿನೊಳಗೆ ಹೋದ ಬೆಳಕು ಪಕ್ಕದ ಗಾಜಿನಿಂದ ಹೊರಗೆ ಸೋರಿಹೋಗುತ್ತದೆ ಅಂತ ಅನ್ನಿಸುತ್ತದೆ. ಆದರೆ ಹಾಗಾಗುವುದಿಲ್ಲ. ಮೇಲಿನಿಂದ ಬಂದ ಬೆಳಕು ನೀರಿಗೆ ಇಳಿಯುವಾಗ ಬಾಗಿ ನೆಟ್ಟಗಾಗುತ್ತದೆ. ಹಾಗೆ ನೆಟ್ಟಗಾದದ್ದು ಪಕ್ಕದ ಗಾಜನ್ನು ತೀರಾ ಓರೆಯಾಗಿ ತಾಕುತ್ತದೆ, ಪೂರ್ತಿಯಾಗಿ ಒಳಕ್ಕೇ ತಿರುಗುತ್ತದೆ. ನೆಟ್ಟಗಿನ ಗೆರೆಯಿಂದ ಸುಮಾರು 60 ಡಿಗ್ರಿಯವರೆಗೆ ಓರೆಯಾಗಿ ನೀರಿಗೆ ಬಿದ್ದ ಬೆಳಕೆಲ್ಲ ಹೀಗೇ ಆಗುತ್ತದೆ. ಗಾಜು ಕನ್ನಡಿಯಾಗುತ್ತದೆ. ನಂಬಿಕೆ ಬಾರದಿದ್ದರೆ ಮುಂದಿನ ಗಾಜಿನಿಂದ ಓರೆಯಾಗಿ ಪಕ್ಕದ ಗಾಜನ್ನು ನೋಡಿ. ಆಚೆಯ ಗೋಡೆ ಕಾಣುವುದಿಲ್ಲ, ನಿಮ್ಮ ಮೀನುಗಳದೇ ಪ್ರತಿಬಿಂಬ ಕಾಣುತ್ತದೆ.

ಇದರ ಅರ್ಥ ಏನು? ನೀರಿಗೆ ಬಿದ್ದ ಬೆಳಕಿನ ಬಗ್ಗೆ ಚಿಂತೆ ಬೇಡ, ನೀರಿಗೆ ಬೀಳದ ಬೆಳಕಿನ ಬಗ್ಗೆ ಯೋಚಿಸಿ. ಮತ್ತೆ, ಗಾಜು ಸ್ವಚ್ಛವಾಗಿದ್ದರೆ ಮಾತ್ರ ಈ ಲಾಭ. ಹಿಂದಿನ ಮತ್ತು ಪಕ್ಕದ ಗಾಜಿನ ಮೇಲೆ ನೇರಳೆ ಬಣ್ಣದ ಕೋರಲೈನ್ ಪಾಚಿ ದಪ್ಪಗೆ ಬೆಳೆಯಲು ಬಿಡುವವರು ತುಂಬ. ನೋಡಲು ಚೆಂದ, ನಿಜ. ಆದರೆ ಅದು ಬೆಳಕನ್ನು ತಿನ್ನುತ್ತದೆ. ಆಳದ ಟ್ಯಾಂಕಿನಲ್ಲಿ ಕೊನೇಪಕ್ಷ ಎರಡು ಪಕ್ಕಗಳನ್ನಾದರೂ ಕೆರೆದಿಡಿ.

ಕಣ್ಣನ್ನು ನಂಬಬೇಡಿ

ನಮ್ಮ ಕಣ್ಣಿಗೆ ಅತಿ ಹೆಚ್ಚು ಕಾಣುವುದು ಹಸಿರು-ಹಳದಿ ಬೆಳಕು, 555 ನ್ಯಾನೋಮೀಟರ್ ಸುತ್ತಮುತ್ತ. ಹವಳದ ಪಾಚಿ ಚೆನ್ನಾಗಿ ಹೀರುವುದು ನೀಲಿಯನ್ನು, 420ರಿಂದ 480ರವರೆಗೆ. ಹಾಗಾಗಿ ಬಿಳಿ ಜಾಸ್ತಿ ಮಾಡಿದರೆ ನಮಗೆ ಟ್ಯಾಂಕ್ ಝಗಮಗ ಅನ್ನುತ್ತದೆ. ನೀಲಿ ಪೂರ್ತಿ ಹಾಕಿ ಬಿಳಿ ಇಳಿಸಿದರೆ ಮಬ್ಬು ಅನ್ನಿಸುತ್ತದೆ, ಆದರೆ ಹವಳಕ್ಕೆ ಅದೇ ಊಟ. ಮಬ್ಬು ಅಂತ ಸುಮ್ನೆ ಬೆಳಕು ಜಾಸ್ತಿ ಮಾಡಿ ಹವಳ ಸುಟ್ಟುಕೊಂಡವರು ಬೇಕಾದಷ್ಟು ಜನ.

ಆಳದ ಟ್ಯಾಂಕಿಗೆ ನನ್ನ ಆಯ್ಕೆ ನೀಲಿ, ರಾಯಲ್ ಬ್ಲೂ ಮತ್ತು ನೇರಳೆ ಹೆಚ್ಚಿರುವ ಲೈಟ್. ಬಿಳಿ ಹತ್ತರಿಂದ ಮೂವತ್ತು ಶೇಕಡ ಸಾಕು. ಕೆಂಪು, ಹಸಿರು ನಮ್ಮ ಕಣ್ಣಿನ ಖುಷಿಗೆ ಒಂದೆರಡು ಶೇಕಡ. ಬಣ್ಣಗಳನ್ನು ಬೇರೆಬೇರೆ ಏರಿಸಿ ಇಳಿಸಲು ಬರುವ ಲೈಟನ್ನೇ ತೆಗೆದುಕೊಳ್ಳಿ.

ಮೆಟಲ್ ಹಾಲೈಡ್, ಟಿ5, ಎಲ್‌ಇಡಿ

ಹಿಂದೆ ಆಳದ ಟ್ಯಾಂಕ್ ಅಂದರೆ ಮೆಟಲ್ ಹಾಲೈಡ್ ಅನ್ನುವ ಪ್ರಖರ ಬಲ್ಬ್. ಎರಡಡಿಗೆ 250 ವಾಟ್, ಅದಕ್ಕಿಂತ ಆಳಕ್ಕೆ 400 ವಾಟ್ ಅನ್ನುವುದು ರೂಢಿ. ಒಳ್ಳೆಯ ರಿಫ್ಲೆಕ್ಟರ್ ಇದ್ದರೆ ಅದರ ಬೆಳಕಿನ ಗುಣ ಈಗಲೂ ಅದ್ಭುತ. ಒಂದೇ ಕಡೆಯಿಂದ ಬರುವ ಬೆಳಕಾದ್ದರಿಂದ ನೀರಿನ ಅಲೆ ಮರಳಿನ ಮೇಲೆ ಕುಣಿಯುತ್ತದೆ. ಆದರೆ ಲೆಕ್ಕ ಹಾಕಿ. 400 ವಾಟ್‌ನ ಎರಡು ಬಲ್ಬ್ ದಿನಕ್ಕೆ ಎಂಟು ಗಂಟೆ ಉರಿದರೆ 6.4 ಯೂನಿಟ್, ತಿಂಗಳಿಗೆ 192 ಯೂನಿಟ್. ಬಲ್ಬ್‌ಗೆ ಕರೆಂಟ್ ಹದ ಮಾಡುವ ಬ್ಯಾಲಸ್ಟ್ ತಿನ್ನುವುದು ಬೇರೆ. ವರ್ಷಕ್ಕೊಮ್ಮೆ ಬಲ್ಬ್ ಬದಲಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಶಾಖ. ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಬೆಂಗಳೂರಿನ ಏಪ್ರಿಲ್‌ನಲ್ಲಿ, ಮಂಗಳೂರಿನಲ್ಲಿ ವರ್ಷದ ಹೆಚ್ಚಿನ ಕಾಲ, ಈ ಬಲ್ಬ್ ಹಾಕಿದರೆ ನೀರು ತಣ್ಣಗಿಡುವ ಚಿಲ್ಲರ್‌ಗೆ ಬಿಡುವೇ ಇರುವುದಿಲ್ಲ. ಕರಾವಳಿಯ ಸೆಕೆಯಲ್ಲಿ ಫ್ಯಾನ್ ಹಾಕಿದರೂ ನೀರು ಬೇಗ ಆರುವುದಿಲ್ಲ, ಹಾಗಾಗಿ ತಣ್ಣಗಾಗುವುದೂ ಕಡಿಮೆ. ಚಳಿ ದೇಶದಲ್ಲಿ ಇರುವವರಿಗೆ ಮಾತ್ರ ಇದು ಒಪ್ಪುವ ಮಾತು.

ಟಿ5 ಅನ್ನುವ ಸಣ್ಣ ದಪ್ಪದ ಟ್ಯೂಬ್‌ಲೈಟ್‌ಗಳ ಬೆಳಕು ಎಲ್ಲ ಕಡೆ ಸಮನಾಗಿ ಬೀಳುತ್ತದೆ, ನೆರಳು ಇರುವುದೇ ಇಲ್ಲ ಅನ್ನಬಹುದು. ಎರಡಡಿ ಆಳದವರೆಗೆ ಇದಕ್ಕಿಂತ ಮೃದುವಾದ ಲೈಟ್ ಇಲ್ಲ. 30 ಇಂಚಿಗೆ ಒಂಟಿಯಾಗಿ ಸಾಲುವುದು ಕಷ್ಟ. ನಾಲ್ಕಡಿಯ 54 ವಾಟ್ ಟ್ಯೂಬ್ ಎಂಟು ಹಾಕಿದರೆ ಮೇಲೆಲ್ಲ ಜಾಗ ತುಂಬಿಹೋಗುತ್ತದೆ, ಟ್ಯಾಂಕಿಗೆ ಕೈ ಹಾಕಲೂ ಆಗುವುದಿಲ್ಲ. ಅದಲ್ಲದೆ ಐರೋಪ್ಯ ಒಕ್ಕೂಟದಲ್ಲಿ 2023ರ ಆಗಸ್ಟ್‌ನಿಂದ ಹೊಸ ಟಿ5 ಟ್ಯೂಬ್‌ಗಳನ್ನು ಮಾರುಕಟ್ಟೆಗೆ ಬಿಡುವಂತಿಲ್ಲ. ಇವತ್ತು ಇದರ ಮೇಲೆ ಹೊಸದಾಗಿ ದುಡ್ಡು ಸುರಿಯುವುದು ಬೇಡ. ಈಗಾಗಲೇ ಇದ್ದರೆ ಎಲ್‌ಇಡಿಯ ಎರಡು ಪಕ್ಕಕ್ಕೆ ಒಂದೆರಡು ಟ್ಯೂಬ್ ಇಡಿ. ನೆರಳು ತುಂಬಲು ಚೆನ್ನಾಗಿ ಆಗುತ್ತದೆ.

ಉಳಿದದ್ದು ಎಲ್‌ಇಡಿ. ನಮ್ಮ ಟ್ಯಾಂಕಿಗೆ ಎರಡು ಲೈಟ್, ಒಂದೊಂದೂ ನಿಜವಾಗಿ 150ರಿಂದ 190 ವಾಟ್ ಎಳೆಯುವಂಥದ್ದು. ಇಕೋಟೆಕ್‌ನ ರೇಡಿಯಾನ್ ಎಕ್ಸ್‌ಆರ್30, ಕೆಸ್ಸಿಲ್‌ನ ಎಪಿ9ಎಕ್ಸ್ ಈ ವರ್ಗದವು. ಒಟ್ಟು 300 ವಾಟ್ ಒಂಬತ್ತು ಗಂಟೆ ಅಂತ ಹಿಡಿದರೆ ದಿನಕ್ಕೆ 2.7 ಯೂನಿಟ್, ತಿಂಗಳಿಗೆ 81. "ನಿಜವಾಗಿ" ಅಂದದ್ದಕ್ಕೆ ಕಾರಣ ಇದೆ. ಚೀನಾದ ಕರಿ ಬಾಕ್ಸ್‌ಗಳ ಮೇಲೆ 165 ವಾಟ್ ಅಂತ ಬರೆದಿರುತ್ತದೆ. ಅದು ಒಳಗಿರುವ 55 ಚಿಪ್‌ಗಳನ್ನು ತಲಾ 3 ವಾಟ್ ಅಂತ ಗುಣಿಸಿ ಬರೆದದ್ದು. ಪ್ಲಗ್‌ನಲ್ಲಿ ಅಳೆದರೆ ಅದಕ್ಕಿಂತ ಸಾಕಷ್ಟು ಕಡಿಮೆ ಬರುತ್ತದೆ. ಹಾಗಂತ ಅವು ಕೆಟ್ಟವು ಅಂತ ನಾನು ಹೇಳುವುದಿಲ್ಲ. ಲೆನ್ಸ್ 90 ಡಿಗ್ರಿ ಇದ್ದು, ನೀಲಿ ಬಿಳಿ ಬೇರೆಬೇರೆ ನಡೆಯುವಂತಿದ್ದರೆ ಸಾಫ್ಟ್ ಕೋರಲ್ ಮತ್ತು ಎಲ್‌ಪಿಎಸ್ ಟ್ಯಾಂಕಿಗೆ ಎರಡು ಬಾಕ್ಸ್ ಧಾರಾಳವಾಯಿತು. ಒಳಗಿನ ಫ್ಯಾನ್ ಸದ್ದು ಮಾತ್ರ ಹಾಲ್‌ನಲ್ಲಿ ಕೂತವರಿಗೆ ಕಿರಿಕಿರಿ.

ಆಳವೇ ತಡೆ ಅಂತ ಅಳುಕಬೇಡಿ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನ ಸ್ಟೈನ್‌ಹಾರ್ಟ್ ಅಕ್ವೇರಿಯಂನಲ್ಲಿ ಫಿಲಿಪೀನ್ಸ್ ಹವಳ ದಿಬ್ಬದ ಟ್ಯಾಂಕ್ 25 ಅಡಿ ಆಳ ಇದೆ, ನೀರು 2,12,000 ಗ್ಯಾಲನ್. ಅಲ್ಲೂ ಜೀವಂತ ಹವಳ ಬೆಳೆಯುತ್ತದೆ. ಬೇ ಏರಿಯಾದಲ್ಲಿರುವವರು ಹೋದಾಗ ಮೀನು ನೋಡಿದ ಮೇಲೆ ತಲೆಯೆತ್ತಿ ಲೈಟ್‌ಗಳನ್ನೂ ನೋಡಿಬನ್ನಿ.

ತೂಗುಹಾಕುವುದು

18 ಇಂಚು ಎತ್ತರ ಅಂದರೆ ಟ್ಯಾಂಕಿಗೆ ಸಿಕ್ಕಿಸುವ ಕ್ಲಾಂಪ್‌ಗಳು ಹೆಚ್ಚಾಗಿ ಸಾಲುವುದಿಲ್ಲ. ಸ್ಟೀಲ್ ವೈರ್‌ನಲ್ಲಿ ಸೀಲಿಂಗ್‌ನಿಂದ ತೂಗುಹಾಕಿ, ಎತ್ತರ ಹೊಂದಿಸಲು ಬರುವಂತೆ ಇರಲಿ. ಆರ್‌ಸಿಸಿಗೆ ಆಂಕರ್ ಬೋಲ್ಟ್ ಹಾಕಿಸಬೇಕು. ಜಿಪ್ಸಮ್ ಫಾಲ್ಸ್ ಸೀಲಿಂಗ್‌ಗೆ ಕೊಕ್ಕೆ ಹಾಕಿಸಿದರೆ ಯಾವತ್ತೋ ಒಂದು ದಿನ ಲೈಟ್ ನೀರಿನಲ್ಲಿರುತ್ತದೆ. ಎಲೆಕ್ಟ್ರಿಷಿಯನ್ ಬಂದಾಗಲೇ ಆ ಸಾಲಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ. ಪ್ಲಗ್‌ಗೆ ಹೋಗುವ ವೈರ್ ಒಮ್ಮೆ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಲಿ. ವೈರ್ ಹಿಡಿದು ಬಂದ ಉಪ್ಪುನೀರು ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್‌ಗೆ ಹೋಗುವುದಿಲ್ಲ.

ಕರೆಂಟ್ ಹೋದಾಗ ಲೈಟ್‌ಗೆ ಇನ್ವರ್ಟರ್ ಕೊಡುವ ಅಗತ್ಯವಿಲ್ಲ. ಕೆಲವು ಗಂಟೆ ಕತ್ತಲಾದರೆ ಹವಳ ಸಾಯುವುದಿಲ್ಲ. ಇನ್ವರ್ಟರ್ ನೀರನ್ನು ಆಡಿಸುವ ಪಂಪಿಗೆ, ಅಂದರೆ ವೇವ್‌ಮೇಕರ್‌ಗೆ ಇರಲಿ. ಅಗ್ಗದ ಲೈಟ್‌ಗಳಲ್ಲಿ ಕರೆಂಟ್ ಬಂದ ಮೇಲೆ ಗಡಿಯಾರ ಹಿಂದೆಮುಂದೆ ಆಗಿರಬಹುದು, ಅದನ್ನು ನೋಡಿಕೊಳ್ಳಿ.

ಅಳೆಯದೆ ಹವಳ ಇಡಬೇಡಿ

ಪಾರ್ ಮೀಟರ್ ದುಬಾರಿ. ಅಪೋಜಿಯ ಎಂಕ್ಯೂ-510 ನೀರಿನೊಳಗೆ ಅಳೆಯಲೆಂದೇ ಮಾಡಿದ್ದು. ಒಬ್ಬರೇ ಕೊಳ್ಳುವ ವಸ್ತುವಲ್ಲ ಅದು. ಊರಿನ ನಾಲ್ಕೈದು ಜನ ಹವ್ಯಾಸಿಗಳು ಸೇರಿ ಒಂದು ಇಟ್ಟುಕೊಂಡರೆ ಸಾಕು, ಇಲ್ಲವೇ ಒಂದು ದಿನಕ್ಕೆ ಎರವಲು ತನ್ನಿ. ಫೋನಿನ ಲಕ್ಸ್ ಆಪ್ ಇಲ್ಲಿ ಉಪಯೋಗಕ್ಕೆ ಬಾರದು. ಲಕ್ಸ್ ಅನ್ನುವುದು ಮನುಷ್ಯನ ಕಣ್ಣಿನ ಲೆಕ್ಕ, ನೀಲಿಯನ್ನು ಅದು ತೀರಾ ಕಡಿಮೆ ಎಣಿಸುತ್ತದೆ.

ಅಳೆಯುವುದು ಹೀಗೆ. ಬಂಡೆ ಜೋಡಿಸಿ, ನೀರು ತುಂಬಿ ತಿಳಿಯಾದ ಮೇಲೆ, ಹವಳ ತರುವ ಮೊದಲು ಮಾಡಿ. ಪಂಪ್ ನಿಲ್ಲಿಸಿ, ಇಲ್ಲದಿದ್ದರೆ ಅಲೆಗೆ ಅಂಕಿ ಕುಣಿಯುತ್ತದೆ. ಸೆನ್ಸರನ್ನು ಕೋಲಿಗೆ ಕಟ್ಟಿ, ಮುಖ ಮೇಲಕ್ಕೆ ಇರಲಿ. ಬಂಡೆಯ ತುದಿ, ನಡು, ಮರಳು, ಹೀಗೆ ಮೂರು ಮಟ್ಟ. ಒಂದೊಂದು ಮಟ್ಟದಲ್ಲಿ ಲೈಟಿನ ನೇರ ಕೆಳಗೆ, ಎರಡು ಲೈಟ್‌ಗಳ ನಡುವೆ, ಮುಂದಿನ ಮೂಲೆ, ಹಿಂದಿನ ಮೂಲೆ. ಹನ್ನೆರಡು ಅಂಕಿಗಳಾದವು. ಟ್ಯಾಂಕಿನ ಚಿತ್ರ ಬರೆದು ಅದರ ಮೇಲೇ ಗುರುತು ಹಾಕಿ. ಮುಂದೆ ಹವಳ ಕೊಳ್ಳುವಾಗ ಆ ಹಾಳೆಯ ಫೋಟೋ ಫೋನಿನಲ್ಲಿ ಇದ್ದರೆ ಅಂಗಡಿಯಲ್ಲೇ ಜಾಗ ಗೊತ್ತಾಗುತ್ತದೆ.

ತುದಿಯಲ್ಲಿ 400, ತಳದಲ್ಲಿ 60 ಬಂತಾ? ಲೈಟ್ ಇನ್ನೂ ಎತ್ತರಿಸಿ. ತುದಿಯಲ್ಲಿ 180, ತಳದಲ್ಲಿ 60 ಬಂತಾ? ಎತ್ತರ ಸರಿಯಿದೆ, ಲೈಟಿನ ಶಕ್ತಿಯ ಶೇಕಡ ಏರಿಸಿ. ಮೂಲೆಗಳು ಮಾತ್ರ ಸೊರಗಿದ್ದರೆ ಲೈಟನ್ನು ಮುಟ್ಟಬೇಡಿ, ಮೂಲೆಗೆ ಮಶ್ರೂಮ್ ಇಡಿ.

ಲೈಟ್ ಹಾಕಿದ ಮೇಲಿನ ತಿಂಗಳುಗಳು

ಗುರಿಯ ಅರ್ಧ ಬೆಳಕಿನಿಂದ ಶುರು ಮಾಡಿ. ನಾಲ್ಕರಿಂದ ಆರು ವಾರದಲ್ಲಿ ಮೆಲ್ಲಗೆ ಏರಿಸಿ. ದಿನಕ್ಕೆ ಎಂಟರಿಂದ ಹತ್ತು ಗಂಟೆ ಸಾಕು. ಅದರಲ್ಲಿ ಮೊದಲ ಮತ್ತು ಕೊನೆಯ ಗಂಟೆ ಏರುವುದಕ್ಕೂ ಇಳಿಯುವುದಕ್ಕೂ ಇರಲಿ. ಹವಳದ ಬಣ್ಣ ತೆಳುವಾಗುತ್ತಾ ಬಿಳಿಚಿಕೊಂಡರೆ ಬೆಳಕು ಜಾಸ್ತಿಯಾಗಿರಬಹುದು. ಕಂದುಬಣ್ಣಕ್ಕೆ ತಿರುಗಿ, ಮೈ ಚಾಚಿ ಮೇಲಕ್ಕೆ ಎಳೆದುಕೊಂಡರೆ ಬೆಳಕು ಸಾಲದು. ಏನೇ ಬದಲಿಸಿದರೂ ಎರಡು ವಾರ ಸುಮ್ಮನಿದ್ದು ನೋಡಿ. ಬಿಳಿಚಿಕೊಂಡದ್ದಕ್ಕೆ ಮಾತ್ರ ಕಾಯಬೇಡಿ, ಅವತ್ತೇ ಬೆಳಕು ಇಳಿಸಿ. ಆಳದ ಟ್ಯಾಂಕಿನಲ್ಲಿ ಕೈ ತಳ ಮುಟ್ಟುವುದಿಲ್ಲ. ಉದ್ದನೆಯ ಇಕ್ಕಳ ತಂದಿಟ್ಟುಕೊಳ್ಳಿ, ಹವಳ ಜರುಗಿಸಲು ಬೇಕೇ ಬೇಕಾಗುತ್ತದೆ.

ನೀರು ನಿಧಾನವಾಗಿ ಹಳದಿಯಾಗುತ್ತದೆ, ದಿನಾ ನೋಡುವ ನಮಗೆ ಗೊತ್ತೇ ಆಗುವುದಿಲ್ಲ. ಆ ಹಳದಿ ನೀಲಿ ಬೆಳಕನ್ನೇ ಹೀರುತ್ತದೆ, ಆಳ ಇದ್ದಷ್ಟೂ ಜಾಸ್ತಿ. ಆಕ್ಟಿವೇಟೆಡ್ ಕಾರ್ಬನ್ ಹಾಕಿದರೆ ತಿಳಿಯಾಗುತ್ತದೆ. ಬಹಳ ದಿನ ಬಿಟ್ಟು ಹಾಕುವುದಾದರೆ ಒಮ್ಮೆಲೇ ಪೂರ್ತಿ ಹಾಕಬೇಡಿ. ಬೆಳಕು ದಿಢೀರನೆ ಏರಿ ಹವಳಕ್ಕೆ ಏಟು ಬೀಳುತ್ತದೆ. ಮೊದಲು ಸ್ವಲ್ಪ ಹಾಕಿ, ವಾರ ಬಿಟ್ಟು ಉಳಿದದ್ದು. ಲೆನ್ಸ್ ಮೇಲೆ ಕೂತ ಉಪ್ಪನ್ನು ವಾರಕ್ಕೊಮ್ಮೆ ಆರ್‌ಓ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಲೈಟ್ ಆರಿಸಿ ತಣ್ಣಗಾದ ಮೇಲೆ. ನೀರಿನ ಮೇಲೆ ಎಣ್ಣೆಯಂಥ ಪದರ ಕಟ್ಟದಂತೆ ಒಂದು ವೇವ್‌ಮೇಕರ್ ಮೇಲ್ಮೈಗೆ ತಿರುಗಿಸಿಡಿ.

ಒಂದೆರಡು ವರ್ಷದಲ್ಲಿ ಬಂಡೆಯ ತುದಿಯ ಹವಳ ಕೊಡೆಯಂತೆ ಹರಡಿ ಕೆಳಗಿನವಕ್ಕೆ ನೆರಳಾಗುತ್ತದೆ. ಆಗ ಬೆಳಕು ಜಾಸ್ತಿ ಮಾಡುವ ಆಸೆ ಬರುತ್ತದೆ. ಮಾಡಿದರೆ ಪೆಟ್ಟು ಬೀಳುವುದು ಮೇಲಿನದಕ್ಕೇ. ಕಟರ್ ತೆಗೆದುಕೊಂಡು ಮೇಲಿನ ಕೊಂಬೆಗಳನ್ನು ಕತ್ತರಿಸಿ, ತುಂಡುಗಳನ್ನು ಬೇರೆ ಬಂಡೆಗೆ ಅಂಟಿಸಿ, ಮತ್ತೆ ಒಮ್ಮೆ ಮೀಟರ್ ಎರವಲು ತಂದು ಆ ಹನ್ನೆರಡು ಜಾಗಗಳನ್ನು ಅಳೆಯಿರಿ.